ಅವರಾದ ಮೇಲೆ ಯಾರು?

೨೦೨೪ನೆಯ ಇಸವಿಯ ಗಣರಾಜ್ಯ ದಿನ. ಬೆಳಿಗ್ಗೆ ಕಟ್ಟಡದ ಅಂಗಳದಲ್ಲಿ ಧ್ವಜ ಹಾರಿಸಿ, ಮಕ್ಕಳಿಗೆ ಪೇಡೆ ಹಂಚಿ, ಊಟ ಮುಗಿಸಿ ನಾನು ಸ್ವಲ್ಪ ಅಡ್ಡಾಗಿದ್ದೆ. ಸಂಜೆ ನಾಲ್ಕರ ಸುಮಾರಿಗೆ ಮೊಮ್ಮಗ ಒಳಕೋಣೆಯಿಂದ ಓಡಿ ಬಂದ. "ಅಜ್ಜಾ, ಕ್ಲಾಪ್ ಬಿಟ್ಟು ಹೋಗ್ತಾನಂತೆ!" ಅವನ ಮುಖ ಕಂಡು, ಊರಿನಿಂದ ಏನೋ ಕೆಟ್ಟ ಸುದ್ದಿ ಬಂತೆಂದು ಅವನ ಅಜ್ಜಿ ಅಡಿಗೆಮನೆಯಿಂದ ಹೊರಗೆ ಬಂದಳು. ಅಂಥದೇನೂ ಆಗಿರಲಿಲ್ಲ. ಇಂಗ್ಲೆಂಡಿನ ಲಿವರ್‌ಪೂಲ್ ಎಂಬ ಫುಟ್‌ಬಾಲ್ ತಂಡದ ಮ್ಯಾನೇಜರ್, ಯೂರ್ಗೆನ್ ಕ್ಲಾಪ್ ಎಂಬ ಜರ್ಮನ್ ಗೃಹಸ್ಥ, ಆ ವರ್ಷದ ಪಂದ್ಯಗಳು ಮುಗಿದೊಡನೆ ಕೆಲಸ ಬಿಡುವುದಾಗಿ ಸಾರಿದ್ದ. ೨೦೧೫ರ ಅಕ್ಟೋಬರಿನಲ್ಲಿ ಬಂದವನು. ೨೦೧೯ರಲ್ಲಿ ಯುರೋಪಿನ ಕಪ್ಪನ್ನೂ ೨೦೨೦ರಲ್ಲಿ, ಮೂವತ್ತು ವರ್ಷಗಳ ಅನಂತರ, ಇಂಗ್ಲೆಂಡಿನ ಲೀಗ್ ಪ್ರಶಸ್ತಿಯನ್ನೂ ಆ ಊರಿಗೆ ತಂದುಕೊಟ್ಟವನು. ಅವನನ್ನು ಹೋಗೆಂದವರು ಯಾರೂ ಇಲ್ಲ. ತನ್ನಲ್ಲಿ ಶಕ್ತಿ ಮುಗಿಯುತ್ತ ಬಂದಿದೆ, ಇದೇ ಕೆಲಸವನ್ನು ಮತ್ತೆ ಮತ್ತೆ ಮಾಡಲಾರೆ ಎಂದು ತಾನಾಗಿ ಹೇಳಿಕೊಂಡಿದ್ದ.

ಈ ಆಟವನ್ನು ನೋಡದ ಹಿರಿಯರಿಗಾಗಿ ಒಂದು ಮಾತು. ಮ್ಯಾನೇಜರ್ ಎಂದೊಡನೆ ನಮಗೆ ಬ್ಯಾಂಕಿನ ಅಥವಾ ಹೋಟೆಲಿನ ಮ್ಯಾನೇಜರ್ ನೆನಪಾಗುತ್ತಾನೆ. ಇಂಗ್ಲೆಂಡಿನ ಫುಟ್‌ಬಾಲಿನಲ್ಲಿ ಹಾಗಲ್ಲ. ಯಾರನ್ನು ಆಡಿಸಬೇಕು, ಯಾರನ್ನು ಕೂರಿಸಬೇಕು, ಹೇಗೆ ಆಡಬೇಕು, ಯಾರನ್ನು ಕೊಂಡು ತರಬೇಕು, ಸೋತ ಹುಡುಗನ ಹೆಗಲ ಮೇಲೆ ಯಾವಾಗ ಕೈಯಿಡಬೇಕು, ಇವೆಲ್ಲವನ್ನೂ ಬಹುಮಟ್ಟಿಗೆ ತೀರ್ಮಾನಿಸುವವನು ಅವನೇ. ಕೂಡುಕುಟುಂಬದ ಯಜಮಾನನೆನ್ನಿ. ಅಂಥವನು ಒಂದೇ ಕಡೆ ಹತ್ತು ಇಪ್ಪತ್ತು ವರ್ಷ ನಿಂತನೆಂದರೆ, ತಂಡ ಯಾವುದು ಆತ ಯಾವನು ಎಂದು ಬೇರೆ ಮಾಡಿ ನೋಡುವುದೇ ಜನರಿಗೆ ಮರೆತುಹೋಗುತ್ತದೆ.

ಅಂದು ರಾತ್ರಿ ನಮ್ಮ ಹಾಲಿನಲ್ಲಿ ಸಭೆ ಸೇರಿತು. ನಮ್ಮವನು, ಮೂರನೆಯ ಮಹಡಿಯ ಮರಾಠಿ ಹುಡುಗ, ಕೇರಳದವರ ಮನೆಯ ಅಣ್ಣತಮ್ಮಂದಿರು. ಮೊಮ್ಮಗ ಶಾಲೆಯ ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಗೆರೆ ಎಳೆದು ಪಟ್ಟಿ ಮಾಡಿದ. ಒಂದು ಕಡೆ ಹೆಸರುಗಳು; ಎದುರಿಗೆ ಗೆದ್ದ ಪ್ರಶಸ್ತಿ, ಆಟದ ರೀತಿ, ವಯಸ್ಸು, ಆಟಗಾರರಿಗೆ ಅವನ ಮೇಲೆ ಗೌರವವಿದೆಯೇ ಎಂಬ ಕಾಲಮ್ಮುಗಳು. ಎಲ್ಲಕ್ಕೂ ಮೇಲೆ ಶಾಬಿ ಅಲೊನ್ಸೊ. ಅವನು ಹಿಂದೆ ಇದೇ ಲಿವರ್‌ಪೂಲಿನಲ್ಲಿ ಆಡಿದವನು, ಆಗ ಜರ್ಮನಿಯ ಲೆವರ್‌ಕೂಸೆನ್ ತಂಡವನ್ನು ಸೋಲಿಲ್ಲದೆ ನಡೆಸುತ್ತಿದ್ದವನು. ಅವನ ಕೆಳಗೆ ಪೋರ್ಚುಗಲ್ಲಿನ ರೂಬೆನ್ ಅಮೊರಿಮ್. ವಾದ ಹನ್ನೊಂದು ಗಂಟೆಯವರೆಗೂ ನಡೆಯಿತು. ನಾಲ್ಕೂ ಜನ ಆ ಊರನ್ನು ಕಂಡವರಲ್ಲ. ಆದರೆ ಮರುದಿನ ಬೆಳಿಗ್ಗೆ ತಾವೇ ನೇಮಕದ ಕಾಗದಕ್ಕೆ ರುಜು ಹಾಕಬೇಕೆಂಬಂತೆ ಅವರ ಆವೇಶ.

ನನಗೆ ಮೊದಲು ನಗು ಬಂತು. ಇವರಿಗೇನು ಅಧಿಕಾರ? ಲಿವರ್‌ಪೂಲ್ ೨೦೧೦ರಿಂದ ಒಂದು ಅಮೆರಿಕನ್ ಕಂಪನಿಯ ಸೊತ್ತು. ಹೊಸಬನನ್ನು ಆರಿಸುವವರು ಅವರು. ಸಂಬಳ ಕೊಡುವವರು ಅವರು. ಆಯ್ಕೆ ಕೆಟ್ಟರೆ ನಷ್ಟ ಅವರದು. ಆದರೆ ಹಾಗೆಂದುಕೊಂಡ ಮರುಗಳಿಗೆಯಲ್ಲೇ ನನಗೆ ಅನುಮಾನ ಹುಟ್ಟಿತು. ಒಡೆಯರು ಬೆಲೆ ಬಂದರೆ ಮಾರಿ ಹೋಗುತ್ತಾರೆ. ಆಟಗಾರರು ಎರಡು ಕಾಸು ಹೆಚ್ಚು ಸಿಕ್ಕಿದ ಕಡೆಗೆ ಹೋಗುತ್ತಾರೆ, ಅದರಲ್ಲಿ ತಪ್ಪೂ ಇಲ್ಲ. ಮ್ಯಾನೇಜರ್ ದಣಿದು ಮನೆಗೆ ಹೋಗುತ್ತಾನೆ. ಎಲ್ಲಿಗೂ ಹೋಗದೆ ಉಳಿಯುವವನು ಅಭಿಮಾನಿಯೊಬ್ಬನೇ. ಮ್ಯಾಂಚೆಸ್ಟರ್ ಯುನೈಟೆಡ್ ತಂಡವನ್ನು ೧೮೭೮ರಲ್ಲಿ ಮೊದಲು ಕಟ್ಟಿದವರು ರೈಲ್ವೆಯ ಕೆಲಸಗಾರರು. ಆರ್ಸೆನಲ್ ತಂಡವನ್ನು ೧೮೮೬ರಲ್ಲಿ ಕಟ್ಟಿದವರು ಮದ್ದುಗುಂಡಿನ ಕಾರ್ಖಾನೆಯ ಕೆಲಸಗಾರರು. ಕಾಗದದ ಮೇಲೆ ಒಡೆತನ ಯಾರದೇ ಇರಲಿ, ಆ ನಂಟು ಇನ್ನೂ ಜನರದೇ. ನಾವು ಹೊರನಾಡಿನವರು ಇದನ್ನು ಬೇಗ ಅರ್ಥಮಾಡಿಕೊಳ್ಳಬಲ್ಲೆವು. ಊರಿನಲ್ಲಿ ಗೇಣು ಭೂಮಿ ಉಳಿಯದಿದ್ದರೂ, ಅಲ್ಲಿಯ ದೇವಸ್ಥಾನಕ್ಕೆ ಮುಂದಿನ ಮೊಕ್ತೇಸರ ಯಾರಾಗಬೇಕೆಂದು ಇಲ್ಲಿ ಲೋಕಲ್ ಗಾಡಿಯಲ್ಲಿ ನಿಂತುಕೊಂಡು ವಾದಿಸುವವರಲ್ಲವೇ ನಾವು?

ಆದ್ದರಿಂದ ಹುಡುಗರ ವಾದವನ್ನು ಹರಟೆಯೆಂದು ತಳ್ಳಿಹಾಕಲು ನನಗೆ ಮನಸ್ಸು ಬರಲಿಲ್ಲ. ಅವರ ಪ್ರಶ್ನೆಯೊಳಗೆ ಇನ್ನೊಂದು ಪ್ರಶ್ನೆ ಅಡಗಿದೆಯೆಂದು ತೋರಿತು. ದೀರ್ಘಕಾಲ ನಡೆಸಿದವನೊಬ್ಬ ಹೊರಟು ನಿಂತಾಗ "ಅವರಾದ ಮೇಲೆ ಯಾರು?" ಎಂದು ಕೇಳುತ್ತೇವಷ್ಟೆ. ನಿಜವಾಗಿ ನಾವು ಕೇಳುತ್ತಿರುವುದು ಏನನ್ನು? ತಂಡಕ್ಕೆ ಈಗ ಯಾರು ಬೇಕು ಎಂದೇ, ಅಥವಾ ಹೋಗುವವನನ್ನು ಹೇಗಾದರೂ ಇನ್ನೊಂದು ರೂಪದಲ್ಲಿ ಉಳಿಸಿಕೊಡಿ ಎಂದೇ? ಭರತ ಸಿಂಹಾಸನದ ಮೇಲೆ ಪಾದುಕೆಗಳನ್ನಿಟ್ಟು ರಾಜ್ಯ ನಡೆಸಿದ. ಅದು ಸಾಧ್ಯವಾದುದು ರಾಮ ಹದಿನಾಲ್ಕು ವರ್ಷಕ್ಕೆ ಹಿಂದಿರುಗುವವನಿದ್ದುದರಿಂದ. ಹಿಂದಿರುಗದವನ ಪಾದುಕೆಯನ್ನು ಇಟ್ಟುಕೊಂಡರೆ ಬರುವವನು ಕೂರುವುದೆಲ್ಲಿ?

ಇಂಗ್ಲೆಂಡಿನ ಫುಟ್‌ಬಾಲಿನಲ್ಲಿ ಈ ಪ್ರಶ್ನೆಗೆ ಒಂದೇ ಬೇಸಿಗೆಯಲ್ಲಿ ಎರಡು ಉತ್ತರಗಳು ಸಿಕ್ಕಿದ್ದುಂಟು. ೧೯೭೪ರ ಜುಲೈ ತಿಂಗಳು. ಲೀಡ್ಸ್ ತಂಡವನ್ನು ೧೯೬೧ರಿಂದ ನಡೆಸಿ, ಕೆಳದರ್ಜೆಯಿಂದ ಎತ್ತಿ ಎರಡು ಸಲ ಲೀಗ್ ಗೆಲ್ಲಿಸಿದ ಡಾನ್ ರೆವಿ ಇಂಗ್ಲೆಂಡಿನ ರಾಷ್ಟ್ರೀಯ ತಂಡದ ಕೆಲಸಕ್ಕೆ ಹೊರಟುಹೋದ. ಅದೇ ತಿಂಗಳು ಲಿವರ್‌ಪೂಲಿನ ಬಿಲ್ ಶ್ಯಾಂಕ್ಲಿ ರಾಜೀನಾಮೆಯಿತ್ತ. ಈತ ಸ್ಕಾಟ್ಲೆಂಡಿನ ಗಣಿ ಹಳ್ಳಿಯೊಂದರಲ್ಲಿ ಹುಟ್ಟಿದವನು. ೧೯೫೯ರ ಡಿಸೆಂಬರಿನಲ್ಲಿ ಬಂದಾಗ ಲಿವರ್‌ಪೂಲ್ ಎರಡನೆಯ ದರ್ಜೆಯಲ್ಲಿತ್ತು. ಹೋಗುವ ಹೊತ್ತಿಗೆ ಮೂರು ಲೀಗ್, ಎರಡು ಎಫ್.ಎ. ಕಪ್, ಒಂದು ಯು.ಇ.ಎಫ್.ಎ. ಕಪ್. ಅದಕ್ಕಿಂತ ಹೆಚ್ಚಾಗಿ, ಬಂದರಿನ ಹಮಾಲರೂ ಕಾರ್ಖಾನೆಯ ಕೆಲಸಗಾರರೂ ತಮ್ಮ ಮಾತನ್ನು ತಮಗಿಂತ ಚೆನ್ನಾಗಿ ಆಡುವವನೆಂದು ಅವನನ್ನು ಕಾಣುತ್ತಿದ್ದರು. ರಾಜೀನಾಮೆಯ ಸುದ್ದಿ ಬೀದಿಯಲ್ಲಿ ಕಿವಿಗೆ ಬಿದ್ದಾಗ ಜನ ಅದನ್ನು ನಂಬಲಿಲ್ಲ.

ಲೀಡ್ಸ್‌ನ ರೆವಿ ಹೋಗುವಾಗ ತನ್ನದೇ ತಂಡದ ಹಿರಿಯ ಆಟಗಾರ ಜಾನಿ ಜೈಲ್ಸ್‌ನ ಹೆಸರು ಹೇಳಿದ. ಒಡೆಯರು ಕೇಳಲಿಲ್ಲ, ಬ್ರಯನ್ ಕ್ಲಫ್‌ನನ್ನು ಕರೆತಂದರು. ಪ್ರತಿಭೆಯ ದೃಷ್ಟಿಯಿಂದ ಇದು ಸಣ್ಣ ಆಯ್ಕೆಯಲ್ಲ. ಡಾರ್ಬಿ ಎಂಬ ಸಣ್ಣ ಊರಿನ ತಂಡವನ್ನು ೧೯೭೨ರಲ್ಲಿ ಲೀಗ್ ಗೆಲ್ಲಿಸಿದವನು ಆತ. ಆದರೆ ಲೀಡ್ಸ್ ತಂಡ ಮೋಸದ ಆಟವಾಡುತ್ತದೆಂದು ವರ್ಷಗಟ್ಟಲೆ ಬಹಿರಂಗವಾಗಿ ಹೇಳುತ್ತ ಬಂದವನೂ ಆತನೇ. ಬಂದವನು ಆಟಗಾರರನ್ನು ಕೂರಿಸಿಕೊಂಡು, ನೀವು ಗೆದ್ದ ಪದಕಗಳನ್ನೆಲ್ಲ ಕಸದ ತೊಟ್ಟಿಗೆ ಹಾಕಿ, ಅವುಗಳಲ್ಲಿ ಒಂದನ್ನೂ ನ್ಯಾಯವಾಗಿ ಗೆದ್ದಿಲ್ಲ ಎಂಬರ್ಥದ ಮಾತಾಡಿದನೆಂದು ಆ ಆಟಗಾರರು ನೆನೆದಿದ್ದಾರೆ. ಮನೆ ತುಂಬಿದ ಸೊಸೆ ಮೊದಲ ದಿನವೇ ಅತ್ತೆಯ ಪಾತ್ರೆಗಳನ್ನೆಲ್ಲ ಬೀದಿಗೆ ಎಸೆದಂತಾಯಿತು. ನಲವತ್ತನಾಲ್ಕು ದಿನಕ್ಕೆ ಕ್ಲಫ್ ಹೊರಗೆ. ಇದೇ ಕ್ಲಫ್ ಮುಂದೆ ನಾಟಿಂಗ್‌ಹ್ಯಾಮ್ ಫಾರೆಸ್ಟ್ ಎಂಬ, ಯಾರ ಲೆಕ್ಕದಲ್ಲೂ ಇರದ ತಂಡಕ್ಕೆ ೧೯೭೯ರಲ್ಲೂ ೧೯೮೦ರಲ್ಲೂ ಯುರೋಪಿನ ಕಪ್ಪನ್ನು ಗೆದ್ದುಕೊಟ್ಟ. "ಎಲ್ಲರಿಗಿಂತ ಉತ್ತಮ ಯಾರು?" ಎಂದು ಪಟ್ಟಿ ಮಾಡಿದ್ದರೆ ಅಂದೂ ಅವನ ಹೆಸರು ಮೇಲೆಯೇ ಬರುತ್ತಿತ್ತು. ಪಟ್ಟಿ ಸರಿಯೇ ಇತ್ತು. ಆ ಮನೆಗೆ ಆತ ಸರಿಯಿರಲಿಲ್ಲ.

ಲಿವರ್‌ಪೂಲಿನಲ್ಲಿ ನಡೆದುದು ಬೇರೆ. ಶ್ಯಾಂಕ್ಲಿಯ ಸಹಾಯಕ ಬಾಬ್ ಪೇಸ್ಲಿ ೧೯೩೯ರಿಂದ ಅದೇ ಕ್ಲಬ್ಬಿನಲ್ಲಿದ್ದವನು. ಮೊದಲು ಆಟಗಾರ, ಆಮೇಲೆ ಉಳುಕಿದ ಕಾಲಿಗೆ ಮದ್ದು ಮಾಡುವವನು, ಆಮೇಲೆ ತರಬೇತುದಾರ. ವಯಸ್ಸು ಐವತ್ತೈದು. ನಾಲ್ಕು ಜನರೆದುರು ನಿಂತು ಮಾತಾಡಲು ಸಂಕೋಚ. ಕುರ್ಚಿಯ ಆಸೆ ಅವನಿಗೆ ಇರಲಿಲ್ಲ. ಮನಸ್ಸು ಬದಲಿಸೆಂದು ಶ್ಯಾಂಕ್ಲಿಯನ್ನೇ ಬೇಡಿಕೊಂಡ. ಅಭಿಮಾನಿಗಳ ಸಭೆಯಲ್ಲಿ ಕೈಯೆತ್ತಿಸಿ ಕೇಳಿದ್ದರೆ ಇಂಥವನಿಗೆ ಎಷ್ಟು ಕೈಗಳು ಏಳುತ್ತಿದ್ದವೆಂಬುದು ನನಗೆ ಅನುಮಾನವೇ. ಶ್ಯಾಂಕ್ಲಿಯ ಮಾತಿನ ಮಿಂಚು ಇವನಲ್ಲಿ ಎಳ್ಳಷ್ಟೂ ಇರಲಿಲ್ಲ. ಮೊದಲ ವರ್ಷ ಲೀಗಿನಲ್ಲಿ ಎರಡನೆಯ ಸ್ಥಾನ, ದೊಡ್ಡ ಕಪ್ಪು ಒಂದೂ ಇಲ್ಲ. ಅನಂತರದ ಎಂಟು ವರ್ಷಗಳಲ್ಲಿ ಆರು ಲೀಗ್ ಪ್ರಶಸ್ತಿ, ಮೂರು ಸಲ ಯುರೋಪಿನ ಕಪ್ಪು. ಶ್ಯಾಂಕ್ಲಿಗೆ ಒಮ್ಮೆಯೂ ದಕ್ಕದ ಕಪ್ಪು ಅದು. ಹೋದವನನ್ನು ಹೋಲದವನೇ ಅವನ ಕೆಲಸವನ್ನು ಅವನಿಗಿಂತ ಮುಂದಕ್ಕೆ ಒಯ್ದ.

ಆ ವರ್ಷದ ಆಗಸ್ಟ್ ೧೦ರಂದು ವೆಂಬ್ಲಿಯಲ್ಲಿ ಇವೆರಡೇ ತಂಡಗಳು ಎದುರಾದವು. ಲೀಡ್ಸ್ ತಂಡದ ಮುಂದೆ ನಡೆದು ಬಂದವನು ಹೊಸಬ ಕ್ಲಫ್. ಲಿವರ್‌ಪೂಲ್ ತಂಡದ ಮುಂದೆ ನಡೆದು ಬಂದವನು ಪೇಸ್ಲಿಯಲ್ಲ, ಕೆಲಸ ಬಿಟ್ಟ ಶ್ಯಾಂಕ್ಲಿ. ಕೊನೆಯ ಸಲಕ್ಕೆ ಅವನಿಗೊಂದು ಗೌರವವೆಂದು ಹಾಗೆ ಮಾಡಿದರು. ಅದು ಅಲ್ಲಿಗೇ ಮುಗಿದಿದ್ದರೆ ಚೆನ್ನಾಗಿತ್ತು.

ಶ್ಯಾಂಕ್ಲಿಗೆ ಮನೆಯಲ್ಲಿ ಕೂರಲಾಗಲಿಲ್ಲ. ಮೆಲ್‌ವುಡ್ ಎಂಬ ಅಭ್ಯಾಸದ ಮೈದಾನಕ್ಕೆ ಬೆಳಿಗ್ಗೆ ಬೆಳಿಗ್ಗೆ ಬಂದುಬಿಡುತ್ತಿದ್ದ. ಆಟಗಾರರು ಅವನನ್ನು ಕಂಡೊಡನೆ ಹಳೆಯ ರೂಢಿಯಂತೆ "ಬಾಸ್" ಎಂದು ಕರೆಯುತ್ತಿದ್ದರು. ಪಕ್ಕದಲ್ಲೇ ನಿಂತಿದ್ದ ಪೇಸ್ಲಿ ಇನ್ನೂ ಅವರಿಗೆ ಬಾಬ್. ಕೊನೆಗೆ, ಬರುವುದನ್ನು ನಿಲ್ಲಿಸಿದರೆ ಒಳ್ಳೆಯದೆಂಬ ಸೂಚನೆ ಶ್ಯಾಂಕ್ಲಿಗೆ ತಲುಪಿತು. ಆ ನೋವು ೧೯೮೧ರಲ್ಲಿ ಸಾಯುವವರೆಗೂ ಅವನನ್ನು ಬಿಟ್ಟಂತೆ ಕಾಣುವುದಿಲ್ಲ. ಇದನ್ನು ಓದುವವರೆಲ್ಲ ಕ್ಲಬ್ಬನ್ನು ಬೈಯುತ್ತಾರೆ. ನಾನೂ ಬೈದೆ. ಈಗ ಬೈಯುವುದಿಲ್ಲ. ಅದಕ್ಕೊಂದು ಕಾರಣವುಂಟು.

ನಾನು ಹದಿನಾಲ್ಕು ವರ್ಷ ನಮ್ಮ ಕಟ್ಟಡದ ಹೌಸಿಂಗ್ ಸೊಸೈಟಿಯ ಸೆಕ್ರೆಟರಿಯಾಗಿದ್ದೆ. ಮುನಿಸಿಪಾಲಿಟಿಯ ನೀರಿನ ಬಿಲ್ಲು, ಸೋರುವ ಟೆರೇಸು, ಲಿಫ್ಟಿನವರ ಕರಾರು, ಬಾಡಿಗೆದಾರರ ಜಗಳ, ಎಲ್ಲವೂ ನನ್ನ ಮನೆ ಬಾಗಿಲಿಗೇ ಬರುತ್ತಿದ್ದವು. ಸಾಕಾಯಿತೆಂದು ನಾನಾಗಿಯೇ ಬಿಟ್ಟೆ. ಎರಡನೆಯ ಮಹಡಿಯ ತರುಣರೊಬ್ಬರು ಕೆಲಸ ವಹಿಸಿಕೊಂಡರು. ಮೀಟಿಂಗಿನಲ್ಲಿ ಶಾಲು ಹೊದೆಸಿದರು, ಒಳ್ಳೆಯ ಮಾತಾಡಿದರು. ಮರುದಿನ ಪಂಪಿನವನು ಬಂದಾಗ ನಾನು ಕೆಳಗಿಳಿದು ಹೋದೆ. ಅದರ ಮರುವಾರ ಬಣ್ಣದ ಕಂಟ್ರಾಕ್ಟರ್ ಬಂದಾಗಲೂ ಹೋದೆ. ವಾಚ್‌ಮನ್ ಅವರನ್ನು ಬಿಟ್ಟು ನನ್ನ ಮುಖ ನೋಡುತ್ತಿದ್ದ. ಸುಳ್ಳೇಕೆ ಹೇಳಲಿ, ನನಗದು ಹಿತವಾಗಿತ್ತು. ಸಹಾಯ ಮಾಡುತ್ತಿದ್ದೇನೆಂದೇ ನಾನು ತಿಳಿದಿದ್ದೆ. ಒಂದು ದಿನ ಅವರು ಬಹಳ ಮರ್ಯಾದೆಯಿಂದ, "ಅಂಕಲ್, ನೀವು ಇಷ್ಟು ವರ್ಷ ಓಡಾಡಿದ್ದೀರಿ, ಇನ್ನು ಮನೆಯಲ್ಲಿ ಆರಾಮಾಗಿರಿ" ಎಂದರು. ಆರು ತಿಂಗಳು ನಾನು ಅವರ ಹತ್ತಿರ ಮುಖ ಕೊಟ್ಟು ಮಾತಾಡಲಿಲ್ಲ. ಶ್ಯಾಂಕ್ಲಿಯ ಕಥೆಯನ್ನು ಮೊಮ್ಮಗ ಓದಿ ಹೇಳಿದ ದಿನ ನನಗೆ ನೆನಪಾದವರು ಆ ಎರಡನೆಯ ಮಹಡಿಯವರು. ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಎನ್ನುತ್ತೇವೆ. ಆದರೆ ಅತ್ತೆ ದಿನಾ ಅಡಿಗೆಮನೆಯ ಬಾಗಿಲಿಗೆ ಒರಗಿ ನಿಂತಿದ್ದರೆ ಸೊಸೆಯ ಕಾಲ ಶುರುವಾಗುವುದು ಯಾವಾಗ?

ಮ್ಯಾಂಚೆಸ್ಟರ್ ಯುನೈಟೆಡ್ ಇದೇ ಪಾಠವನ್ನು ಎರಡು ಸಲ ಕಲಿಯಬೇಕಾಯಿತು. ಮ್ಯಾಟ್ ಬಸ್‌ಬಿ ೧೯೪೫ರಿಂದ ೧೯೬೯ರವರೆಗೆ ನಡೆಸಿದವನು. ೧೯೫೮ರ ಫೆಬ್ರವರಿ ೬ರಂದು ಮ್ಯೂನಿಕ್ಕಿನ ವಿಮಾನ ದುರಂತದಲ್ಲಿ ಎಂಟು ಮಂದಿ ಆಟಗಾರರನ್ನು ಕಳೆದುಕೊಂಡು, ತಾನೂ ಸಾವಿನ ದವಡೆಯಿಂದ ಹೊರಬಂದು, ಹತ್ತು ವರ್ಷದಲ್ಲಿ ಹೊಸ ತಂಡ ಕಟ್ಟಿ ಯುರೋಪನ್ನು ಗೆದ್ದವನು. ಅಂಥವನ ಅನಂತರ ಬಂದವನು ವಿಲ್ಫ್ ಮೆಕ್‌ಗಿನೆಸ್, ಮೂವತ್ತೊಂದು ವರ್ಷದ ಹುಡುಗ. ತನ್ನ ಓರಗೆಯವರಿಗೇ ಯಜಮಾನನಾಗಬೇಕಾಯಿತು. ಬಸ್‌ಬಿ ಅದೇ ಕಟ್ಟಡದಲ್ಲಿದ್ದ. ಒಂದೂವರೆ ವರ್ಷಕ್ಕೆ ಮೆಕ್‌ಗಿನೆಸ್ ಹೋದ, ಬಸ್‌ಬಿ ಕೆಲಕಾಲ ಮತ್ತೆ ಬಂದ. ಅನಂತರ ಬಂದ ಫ್ರ್ಯಾಂಕ್ ಓಫ್ಯಾರೆಲ್ ಹೇಳಿಕೊಂಡಿರುವಂತೆ, ಆತ ಕೆಲಸಕ್ಕೆ ಸೇರಿದಾಗ ಮ್ಯಾನೇಜರ್ ಕೋಣೆಯಲ್ಲಿ ಬಸ್‌ಬಿಯೇ ಕುಳಿತಿದ್ದ. ಹೊಸಬನಿಗೆ ಬೇರೊಂದು ಸಣ್ಣ ಕೋಣೆ ಸಿದ್ಧವಾಗುತ್ತಿತ್ತು. ಕೋಣೆಯನ್ನು ಬಾಯಿಬಿಟ್ಟು ಕೇಳಿ ಪಡೆಯಬೇಕಾಯಿತು. ೧೯೭೪ರಲ್ಲಿ ಆ ತಂಡ ಎರಡನೆಯ ದರ್ಜೆಗೆ ಇಳಿಯಿತು.

ಎರಡನೆಯ ಸಲದ ಕಥೆ ನಮ್ಮ ಮಕ್ಕಳಿಗೆಲ್ಲ ಗೊತ್ತು. ಅಲೆಕ್ಸ್ ಫರ್ಗುಸನ್ ೧೯೮೬ರ ನವೆಂಬರಿನಿಂದ ೨೦೧೩ರ ಮೇ ತಿಂಗಳವರೆಗೆ ಯುನೈಟೆಡ್ಡನ್ನು ನಡೆಸಿದ. ಹದಿಮೂರು ಲೀಗ್ ಪ್ರಶಸ್ತಿ ಗೆದ್ದ. ಹೋಗುವಾಗ ಉತ್ತರಾಧಿಕಾರಿಯನ್ನೂ ತಾನೇ ಸೂಚಿಸಿದ. ಡೇವಿಡ್ ಮೋಯ್ಸ್, ತನ್ನಂತೆಯೇ ಗ್ಲಾಸ್ಗೋದವನು, ತನ್ನಂತೆಯೇ ಹೊತ್ತಿಗೆ ಮುಂಚೆ ಎದ್ದು ದುಡಿಯುವವನು, ಎವರ್ಟನ್ ಎಂಬ ಒಂದೇ ತಂಡದಲ್ಲಿ ಹನ್ನೊಂದು ವರ್ಷ ನಿಂತವನು. ಹೋಗುವವನಿಗಿಂತ ಹೆಚ್ಚಾಗಿ ಆ ಕೆಲಸವನ್ನು ಬಲ್ಲವರಾರು? ಆದರೆ ಹೋಗುವವನು ಇತರರಲ್ಲಿ ಮೊದಲು ಗುರುತಿಸುವುದು ತನ್ನ ಮುಖವನ್ನೇ. ಕನ್ನಡಿಯಲ್ಲಿ ಕಂಡವನು ಕನ್ನಡಿಯಾಚೆಗೆ ಎಷ್ಟು ದೂರ ನಡೆದಾನು? ಅಭಿಮಾನಿಗಳು ಮೋಯ್ಸ್‌ನ ಮುಖ ಬರೆದು "ಆರಿಸಲ್ಪಟ್ಟವನು" ಎಂದು ದೊಡ್ಡ ಬ್ಯಾನರ್ ಕಟ್ಟಿದರು. ಕರಾರು ಆರು ವರ್ಷದ್ದು. ಹಿಂದಿನ ವರ್ಷ ಹನ್ನೊಂದು ಅಂಕಗಳ ಅಂತರದಿಂದ ಗೆದ್ದಿದ್ದ ತಂಡ ಸೋಲತೊಡಗಿತು. ಸೋತಾಗಲೆಲ್ಲ ಟಿ.ವಿ. ಕ್ಯಾಮರಾ ಮೇಲಿನ ಸಾಲಿನಲ್ಲಿ ಕುಳಿತ ಫರ್ಗುಸನ್ನನ ಮುಖಕ್ಕೆ ತಿರುಗುತ್ತಿತ್ತು. ಅದೇ ಬ್ಯಾನರನ್ನು ಅದೇ ಅಭಿಮಾನಿಗಳು ಕಿತ್ತುಹಾಕಿಯಾರೆಂದು ಕೊನೆಗೆ ಕಾವಲು ಹಾಕಬೇಕಾಯಿತು. ೨೦೧೪ರ ಮಾರ್ಚ್ ಕೊನೆಗೆ "ಮೋಯ್ಸ್ ತೊಲಗಲಿ" ಎಂಬ ಬರಹವನ್ನು ಎಳೆದುಕೊಂಡು ಒಂದು ವಿಮಾನ ಮೈದಾನದ ಮೇಲೆ ಹಾರಿತು. ಏಪ್ರಿಲ್ ೨೨ರಂದು ಮೋಯ್ಸ್‌ನನ್ನು ತೆಗೆದರು. ಹತ್ತು ತಿಂಗಳೂ ತುಂಬಿರಲಿಲ್ಲ.

ಇಲ್ಲಿ ಬಹಳ ಮಂದಿ ಹೇಳುವ ಒಂದು ಮಾತಿದೆ. ಫರ್ಗುಸನ್ನನೂ ಮೊದಲ ಮೂರು ವರ್ಷ ಏನನ್ನೂ ಗೆದ್ದಿರಲಿಲ್ಲ. ಒಂದು ವರ್ಷ ಹನ್ನೊಂದನೆಯ ಸ್ಥಾನ, ಮರುವರ್ಷ ಹದಿಮೂರನೆಯದು. ೧೯೮೯ರ ಡಿಸೆಂಬರಿನಲ್ಲಿ ಅಭಿಮಾನಿಯೊಬ್ಬ, ಮೂರು ವರ್ಷ ಸಬೂಬು ಕೇಳಿದ್ದು ಸಾಕು, ಹೋಗಿ ಬಾ ಎಂಬರ್ಥದ ಬಟ್ಟೆಯನ್ನು ಮೈದಾನದಲ್ಲೇ ಹಿಡಿದಿದ್ದ. ಒಡೆಯರು ತಾಳಿಕೊಂಡರು. ೧೯೯೦ರಲ್ಲಿ ಮೊದಲ ಕಪ್ಪು. ಲೀಗ್ ಬಂದುದು ೧೯೯೩ರಲ್ಲಿ. ತಾಳಿದವನು ಬಾಳಿಯಾನು, ನೋಡಿ, ಎಂದು ಈ ಕಥೆಯನ್ನು ಹೇಳುತ್ತಾರೆ.

ಈ ವಾದ ನನಗೆ ಒಪ್ಪಿಗೆಯಿಲ್ಲ. ತಾಳ್ಮೆಯಿಂದ ಕಾದು ಕೊನೆಗೂ ಏನೂ ದೊರೆಯದ ತಂಡಗಳ ಕಥೆಯನ್ನು ಯಾರೂ ಹೇಳುವುದಿಲ್ಲ. ಫಲ ಬಿಟ್ಟ ಮರವನ್ನಷ್ಟೇ ತೋರಿಸಿ ನೀರು ಹಾಕಿದ್ದರ ಮಹಿಮೆ ಎನ್ನುತ್ತೇವೆ. ಆರ್ಸೆನಲ್ಲಿನ ಆರ್ಸೆನ್ ವೆಂಗರ್ ೧೯೯೬ರಿಂದ ೨೦೧೮ರವರೆಗೆ ಇದ್ದ. ೨೦೦೩-೦೪ರಲ್ಲಿ ಲೀಗಿನ ಒಂದು ಪಂದ್ಯವನ್ನೂ ಸೋಲದೆ ಗೆದ್ದ ಆ ಮಹಾಶಯ ಆಮೇಲೆ ಹದಿನಾಲ್ಕು ವರ್ಷ ಲೀಗ್ ಗೆಲ್ಲಲಿಲ್ಲ. ೨೦೧೭ರ ಮಾರ್ಚಿನಲ್ಲಿ ಒಂದೇ ಪಂದ್ಯದ ಹೊತ್ತಿಗೆ ಆಕಾಶದಲ್ಲಿ ಎರಡು ವಿಮಾನಗಳು ಹಾರಿದವು. ಒಂದು ವೆಂಗರ್ ಹೋಗಲಿ ಎಂದಿತು. ಇನ್ನೊಂದು ಅವನಲ್ಲಿ ನಮಗೆ ನಂಬಿಕೆಯಿದೆ ಎಂದಿತು. ಎರಡಕ್ಕೂ ಹಣ ಕೊಟ್ಟವರು ಒಂದೇ ತಂಡದ ಅಭಿಮಾನಿಗಳು. ಕೃತಜ್ಞತೆಯೂ ಅಲ್ಲಿ ನಿಜ, ದಣಿವೂ ನಿಜ. ಉಪಕಾರ ಮಾಡಿದವನನ್ನು ಎಷ್ಟು ಕಾಲ ಕುರ್ಚಿಯಲ್ಲಿಟ್ಟು ತೀರಿಸಬೇಕು? ಅಪ್ಪ ನೆಟ್ಟ ಆಲದ ಮರವೆಂದು ನೇಣು ಹಾಕಿಕೊಳ್ಳುವ ಗಾದೆ ಅವರಲ್ಲಿಲ್ಲ. ಇದ್ದಿದ್ದರೆ ಮೊದಲನೆಯ ವಿಮಾನದವರು ಅದನ್ನೇ ಬರೆಸುತ್ತಿದ್ದರೇನೋ.

ಅಂದರೆ ಮೋಯ್ಸ್‌ನನ್ನು ತೆಗೆದುದು ತಪ್ಪೇ? ತೆಗೆದುದು ತಪ್ಪೆಂದು ನಾನು ಹೇಳಲಾರೆ. ತಂಡ ಏಳನೆಯ ಸ್ಥಾನಕ್ಕೆ ಕುಸಿದಿತ್ತು. ತಪ್ಪು ನಡೆದುದು ಅದಕ್ಕಿಂತ ಹಿಂದೆ, ಆರು ವರ್ಷದ ಕರಾರಿಗೆ ರುಜು ಹಾಕಿದ ದಿನ. ಕಾಗದದಲ್ಲಿ ಆರು ವರ್ಷ, ಮನಸ್ಸಿನಲ್ಲಿ ಆರು ತಿಂಗಳು. ೨೦೧೩ರ ಮೇ ೧೨ರಂದು ತವರಿನ ಮೈದಾನದ ಕೊನೆಯ ಪಂದ್ಯ ಮುಗಿದ ಮೇಲೆ ಫರ್ಗುಸನ್ ಮೈಕು ಹಿಡಿದು, ತನಗೆ ಕೆಟ್ಟ ಕಾಲ ಬಂದಾಗ ಕ್ಲಬ್ಬು ಬೆನ್ನಿಗೆ ನಿಂತಿತ್ತು, ಈಗ ಹೊಸ ಮ್ಯಾನೇಜರನ ಬೆನ್ನಿಗೆ ನಿಲ್ಲುವುದು ನಿಮ್ಮ ಕೆಲಸ ಎಂದು ಜನರಿಗೆ ಹೇಳಿದ್ದ. ಎಪ್ಪತ್ತು ಸಾವಿರಕ್ಕೂ ಮಿಕ್ಕ ಜನ ಚಪ್ಪಾಳೆ ತಟ್ಟಿದರು. ಆ ಚಪ್ಪಾಳೆ ಒಂದು ಮಾತು ಕೊಟ್ಟಂತೆಯೇ ಎಂದು ನನ್ನ ಭಾವನೆ. ಹೊಸಬನಿಗೆ ಕಾಲಾವಕಾಶ ಕೊಡಬೇಕಾದುದು ಅದರಿಂದ ಕಪ್ಪು ಬರುತ್ತದೆಂದಲ್ಲ. ಬರಬಹುದು, ಬರದಿರಬಹುದು. ಅವನು ತನ್ನ ಊರಿನ ನಿಶ್ಚಿಂತೆಯ ಕೆಲಸ ಬಿಟ್ಟು ಬಂದುದು ನಮ್ಮ ಮಾತನ್ನು ನಂಬಿ, ಅದಕ್ಕಾಗಿ. ಎಷ್ಟು ಕೊಡಬಲ್ಲೆವೆಂಬುದನ್ನು ಮೊದಲೇ ಪ್ರಾಮಾಣಿಕವಾಗಿ ಹೇಳಿಬಿಟ್ಟರೆ, ಒಂದು ವರ್ಷವೆಂದರೂ ಅದರಲ್ಲಿ ಅನ್ಯಾಯವಿಲ್ಲ. ಆರಿಸುವವರು ಆರಿಸುವುದು ಒಬ್ಬ ಮನುಷ್ಯನನ್ನು ಮಾತ್ರವಲ್ಲ. ತಾವು ಎಷ್ಟು ಸಹಿಸುತ್ತೇವೆಂಬುದನ್ನೂ ಅದೇ ಗಳಿಗೆಯಲ್ಲಿ ಆರಿಸಿರುತ್ತಾರೆ. ಎಲ್ಲರೂ ಮೊದಲನೆಯದನ್ನು ಗಂಟೆಗಟ್ಟಲೆ ಚರ್ಚಿಸುತ್ತಾರೆ.

ಅಂದಿನ ರಾತ್ರಿ ಹುಡುಗರಿಗೆ ನಾನು ಇಷ್ಟೆಲ್ಲ ಹೇಳಲಿಲ್ಲ. ಪಟ್ಟಿಯನ್ನು ನೋಡಿ, "ಇದರಲ್ಲೊಂದು ಕಾಲಮ್ಮು ಕಡಿಮೆಯಾಯಿತಲ್ಲ" ಎಂದೆ. ಯಾವುದೆಂದು ಮೊಮ್ಮಗ ಕೇಳಿದ. "ಅವನು ಸೋಲಲಾರಂಭಿಸಿದರೆ ನೀವು ಎಷ್ಟು ಕಾಲ ಸುಮ್ಮನಿರುತ್ತೀರಿ, ಅದನ್ನು ಬರೆಯಿರಿ." ಕೇರಳದ ಹುಡುಗರು ನಕ್ಕರು. ಮೊಮ್ಮಗ ಮಾತ್ರ ಸ್ವಲ್ಪ ಯೋಚಿಸಿ, ಅಂಚಿನಲ್ಲಿ ಇನ್ನೊಂದು ಗೆರೆ ಎಳೆದು, ಅಲೊನ್ಸೊನ ಎದುರಿಗೆ "ಮೂರು ವರ್ಷ" ಎಂದು ಬರೆದ.

ಅಲೊನ್ಸೊ ಬರಲಿಲ್ಲ. ತಾನು ಲೆವರ್‌ಕೂಸೆನ್ನಿನಲ್ಲೇ ಉಳಿಯುವೆನೆಂದು ಮಾರ್ಚ್ ಕೊನೆಯಲ್ಲಿ ಹೇಳಿಬಿಟ್ಟ. ಬಂದವನು ಹಾಲೆಂಡಿನ ಆರ್ನೆ ಸ್ಲಾಟ್. ನಮ್ಮ ಹುಡುಗರ ಪಟ್ಟಿಯಲ್ಲಿ ಅವನ ಹೆಸರೇ ಇರಲಿಲ್ಲ. ಮೇ ೧೯ರಂದು ಕ್ಲಾಪ್‌ನ ಕೊನೆಯ ಪಂದ್ಯ. ಆಟ ಮುಗಿದ ಮೇಲೆ ಆತ ಮೈಕು ಹಿಡಿದು, ಜನ ತನ್ನ ಹೆಸರು ಕೂಗುವ ಧಾಟಿ ಬಿಟ್ಟು, ಇನ್ನೂ ಬಂದಿಲ್ಲದ ಸ್ಲಾಟ್‌ನ ಹೆಸರನ್ನು ರಾಗವಾಗಿ ತಾನೇ ಹಾಡಿದ. ಮೈದಾನವೆಲ್ಲ ದನಿಗೂಡಿಸಿತು. ನಾನು ಈ ವಯಸ್ಸಿನಲ್ಲಿ ರಾತ್ರಿ ನಿದ್ದೆಗೆಟ್ಟು ಕಂಡ ಒಳ್ಳೆಯ ದೃಶ್ಯಗಳಲ್ಲಿ ಅದೊಂದು. ಹೋಗುವವನು ಹೀಗೂ ಹೋಗಬಹುದಲ್ಲ ಎನ್ನಿಸಿತು. ಎರಡನೆಯ ಮಹಡಿಯವರನ್ನು ನೆನೆದು ಸ್ವಲ್ಪ ನಾಚಿಕೆಯೂ ಆಯಿತು. ಮರುವರ್ಷ, ೨೦೨೫ರ ಏಪ್ರಿಲ್ ೨೭ರಂದು, ಸ್ಲಾಟ್ ಲೀಗ್ ಗೆದ್ದ. ಆ ಸಂಭ್ರಮದಲ್ಲಿ ಅವನೂ ಮೈಕು ಹಿಡಿದು ಕ್ಲಾಪ್‌ನ ಹೆಸರನ್ನು ಹಾಡಿದ.

ಆ ಜುಲೈಯಲ್ಲಿ ತಂಡದ ಆಟಗಾರ ಡಿಯೋಗೊ ಜೋಟ ಕಾರು ಅಪಘಾತದಲ್ಲಿ ತೀರಿಕೊಂಡ. ಇಪ್ಪತ್ತೆಂಟು ವರ್ಷದವನು, ಸಣ್ಣ ಮಕ್ಕಳ ತಂದೆ. ಶರತ್ಕಾಲದಲ್ಲಿ ಸೋಲುಗಳು ಸಾಲಾಗಿ ಬಂದವು. ನವೆಂಬರ್ ೨೨ರ ಶನಿವಾರ ರಾತ್ರಿ ತಮ್ಮದೇ ಮೈದಾನದಲ್ಲಿ ನಾಟಿಂಗ್‌ಹ್ಯಾಮ್ ಫಾರೆಸ್ಟಿಗೆ ಮೂರು ಗೋಲುಗಳಿಂದ ಸೋತಾಗ ಮೊಮ್ಮಗ ಟಿ.ವಿ.ಯನ್ನು ಸಿಟ್ಟಿನಿಂದ ಆರಿಸಿ, "ಇವನನ್ನು ತೆಗೀಬೇಕು ಅಜ್ಜಾ" ಎಂದ. ನಾನು ಮಾತಾಡದೆ ಕಪಾಟಿನಿಂದ ಆ ಹಳೆಯ ನೋಟ್‌ಬುಕ್ಕನ್ನು ತೆಗೆದು ಕೊನೆಯ ಪುಟವನ್ನು ಅವನ ಮುಂದೆ ಹಿಡಿದೆ. ಅವನು ಅಂಚಿನ ಗೆರೆಯನ್ನೂ ಅದರೊಳಗಿನ ತನ್ನ ಅಕ್ಷರವನ್ನೂ ಸ್ವಲ್ಪ ಹೊತ್ತು ನೋಡಿದ.

"ಅದು ಅಲೊನ್ಸೊಗೆ ಬರೆದದ್ದು ಅಜ್ಜಾ," ಎಂದ. "ಇವನಿಗಲ್ಲ."